ಲೆನ್ಸಿನ ಬಾಣಂತನ

ಮಳೆಗಾಲದಲ್ಲಿ ಕೆರೆಕಟ್ಟೆಯ ಹೆಸರು ದಿನಪತ್ರಿಕೆಯಲ್ಲಿ ಬರುತ್ತದೆ. ಊರಿನವರು ಏನೋ ಸಾಧಿಸಿದರು ಅಂತ ಅಲ್ಲ. ಶೃಂಗೇರಿಯಲ್ಲಿ ಇಷ್ಟು ಮಿಲಿಮೀಟರ್, ಕಿಗ್ಗಾದಲ್ಲಿ ಇಷ್ಟು, ಕೆರೆಕಟ್ಟೆಯಲ್ಲಿ ಇಷ್ಟು ಎಂದು ಜಿಲ್ಲಾ ಪುಟದ ಮೂಲೆಯಲ್ಲಿ ಮಳೆ ಲೆಕ್ಕ ಅಚ್ಚಾಗುತ್ತದಲ್ಲ, ಅಲ್ಲಿ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಸುರಿಸಿಕೊಳ್ಳುವ ಆಗುಂಬೆಯ ಕೀರ್ತಿ ನಮಗಿಲ್ಲದಿದ್ದರೂ ಒದ್ದೆಯ ಮಟ್ಟಿಗೆ ನಾವು ಯಾರಿಗೂ ಕಡಿಮೆಯಿಲ್ಲ. ಜೂನ್ ದಾಟಿತೆಂದರೆ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಗೂಡಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ. ಇಂಥ ಊರಿಗೆ, ಅದೂ ಇಂಥದೇ ತಿಂಗಳಲ್ಲಿ, ನೀರಿನ ಹನಿ ಕಂಡರೆ ಎದೆ ಒಡೆದುಕೊಳ್ಳುವಂಥ ಲಕ್ಷಾಂತರ ರೂಪಾಯಿಯ ಸಾಮಾನು ಹೇರಿಕೊಂಡು ಬರುವ ಒಂದು ವರ್ಗದ ಜನರಿದ್ದಾರೆ. ನಿಸರ್ಗ ಛಾಯಾಗ್ರಾಹಕರು.

ನೆಂಟರ ಪರಿಚಯ, ಪರಿಚಯದವರ ಸ್ನೇಹಿತರು ಎಂದು ಹೇಳಿಕೊಂಡು ನಮ್ಮ ಮನೆಯಲ್ಲಿ ಉಳಿದು ಹೋದವರಲ್ಲಿ ಈ ವರ್ಗದವರೇ ಹೆಚ್ಚು. ಒಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯರು, ಒಬ್ಬರು ಸಾಫ್ಟ್‌ವೇರು. ಮುಖ ಬೇರೆ, ಸಂಬಳ ಬೇರೆ. ಮಾತು, ನಡೆ, ಆತಂಕ ಮಾತ್ರ ಒಂದೇ ಅಚ್ಚು. ಹಾಗಾಗಿ ಎಲ್ಲರನ್ನೂ ಕೂಡಿಸಿ ನಾವು ಇಟ್ಟುಕೊಂಡಿರುವ ಹೆಸರೂ ಒಂದೇ: ಲೆನ್ಸ್ ರಾಯರು.

ಲೆನ್ಸ್ ರಾಯರನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಮೈಮೇಲೆ ಹದಿನೆಂಟು ಜೇಬಿನ ಅಂಗಿ. ಯಾವ ಜೇಬಿನಲ್ಲಿ ಏನಿದೆಯೆಂಬುದು ಅವರಿಗೆ ಬಾಯಿಪಾಠ. ಆದರೆ ಬೇಕಾದ ಹೊತ್ತಿಗೆ ಸಿಗುವುದು ಹದಿನೆಂಟನೆಯದರಲ್ಲಿ. ಅಂಗಿ, ಟೊಪ್ಪಿ, ಪ್ಯಾಂಟು ಎಲ್ಲಕ್ಕೂ ಎಲೆ-ಕಡ್ಡಿಯ ಚಿತ್ತಾರ. ಲೆನ್ಸಿಗೂ ಅದೇ ಬಟ್ಟೆಯ ಅಂಗಿ ಹೊಲಿಸಿರುತ್ತಾರೆ. ನಕ್ಸಲ್ ನಿಗ್ರಹ ಪಡೆಯ ಜೀಪುಗಳು ಈ ಗುಡ್ಡಗಳಲ್ಲಿ ಹಗಲೂ ರಾತ್ರಿ ತಿರುಗುತ್ತಿದ್ದ ಕಾಲದಲ್ಲಿ ಇವರು ಈ ವೇಷದಲ್ಲಿ, ಈ ಉದ್ದದ ಕಪ್ಪು ಕೊಳವೆ ಹೆಗಲಿಗೇರಿಸಿ ಕಾಡಿಗಿಳಿದಿದ್ದರೆ, ಹಕ್ಕಿಯ ಚಿತ್ರಕ್ಕೆ ಮೊದಲು ಪೊಲೀಸರು ಇವರ ಚಿತ್ರ ತೆಗೆಯುತ್ತಿದ್ದರು.

ರಾಯರು ಬರುವುದು ಬೆಂಗಳೂರಿನಿಂದ, ಸ್ವಂತ ಕಾರಿನಲ್ಲಿ, ಒಬ್ಬರೇ. ಮನೆಯವರು ಯಾಕೆ ಬರಲಿಲ್ಲ ಎಂದರೆ ಸೀಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಟ್ರೈಪಾಡು, ಮಳೆ ಚೀಲ, ಚಾರ್ಜರಿನ ಪೆಟ್ಟಿಗೆ, ಹುಸಿ ಪೊದೆಯಾಗಿ ಹರಡಿಕೊಂಡು ಕೂರಲು ಬಲೆ. ಮುಂದಿನ ಸೀಟಿನಲ್ಲಿ ದೊಡ್ಡ ಲೆನ್ಸಿನ ಬ್ಯಾಗು. ಅದರ ಭಾರಕ್ಕೆ ಕಾರೇ ಮನುಷ್ಯರು ಕೂತಿದ್ದಾರೆಂದು ತಿಳಿದು ಬೆಲ್ಟು ಹಾಕಿ ಎಂದು ಕೂಗುತ್ತದೆ. ರಾಯರು ಹಾಕುತ್ತಾರೆ. ಹಾಸನ, ಚಿಕ್ಕಮಗಳೂರು ಕಳೆದು, ಶೃಂಗೇರಿಯಲ್ಲಿ ಕಾಫಿ ಕುಡಿದು, ನೆಮ್ಮಾರು ದಾಟಿ ತನಿಕೋಡು ಗೇಟಿಗೆ ಬರುವವರೆಗೂ ಆ ಬ್ಯಾಗು ಬೆಲ್ಟು ಬಿಗಿದುಕೊಂಡೇ ಕೂತಿರುತ್ತದೆ. ಗೇಟಿನಲ್ಲಿ ಅರಣ್ಯ ಇಲಾಖೆಯವರು ಕಾರಿನೊಳಗೆ ಇಣುಕಿ, “ಇಷ್ಟೆಲ್ಲ ಎಂತ ಸಾರ್, ಮನೆ ಖಾಲಿ ಮಾಡ್ತಿದೀರಾ?” ಎಂದು ಕೇಳಿದರೆ ರಾಯರಿಗೆ ಬೇಸರವಿಲ್ಲ. ಅವರೂ ಒಂದು ಪ್ರಶ್ನೆ ಕೇಳಲು ಕಾದಿರುತ್ತಾರೆ: ಈ ಸಲವಾದರೂ ದಾರಿಯಲ್ಲಿ ಸ್ವಲ್ಪ ನಿಲ್ಲಿಸಬಹುದೇ? ನಿಲ್ಲಿಸುವಂತಿಲ್ಲ. ಇಲ್ಲಿಂದ ಎಸ್.ಕೆ. ಬಾರ್ಡರ್ ಕಡೆಗೆ ಹೋಗುವ ಹೆದ್ದಾರಿ 1987ರಲ್ಲಿ ಘೋಷಣೆಯಾದ, 600 ಚದರ ಕಿ.ಮೀ. ಹರವಿನ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಹಾಯುತ್ತದೆ. ಕಾರು ಹೋಗಬಹುದು, ನಿಂತು ಸಂಸಾರ ಹೂಡುವ ಹಾಗಿಲ್ಲ. ಕಾರಿನ ಕಿಟಕಿಯ ಮೇಲಿಟ್ಟು ಲೆನ್ಸ್ ಒರಗಿಸಲೆಂದು ತಂದ ಬಟ್ಟೆ ಚೀಲ ಹೀಗೆ ಪ್ರತಿ ಸಲವೂ ನಿರುದ್ಯೋಗಿಯಾಗಿ ಮನೆ ಸೇರುತ್ತದೆ. ಡ್ರೋನಿನ ಪಾಡೂ ಅದೇ. ಉದ್ಯಾನದಲ್ಲಿ ಹಾರಿಸಲು ಅನುಮತಿಯಿಲ್ಲ ಎಂದು ಗೊತ್ತು. ಆದರೂ ತರುತ್ತಾರೆ. “ಮನೇಲಿಟ್ರೆ ಬ್ಯಾಟರಿ ಹಾಳಾಗುತ್ತೆ” ಎನ್ನುತ್ತಾರೆ.

ಬೇರೆ ಅತಿಥಿಗಳು ಅಂಗಳಕ್ಕಿಳಿದ ಕೂಡಲೇ ಎದುರಿನ ಗುಡ್ಡ ನೋಡಿ “ಆಹಾ” ಎನ್ನುತ್ತಾರೆ. ರಾಯರು ಒಳಗೆ ಬಂದು ಗೋಡೆ ನೋಡುತ್ತಾರೆ. ಪ್ಲಗ್ ಪಾಯಿಂಟ್ ಎಷ್ಟಿವೆ? ಜಗಲಿಯಲ್ಲಿ ಒಂದು, ನಡುಮನೆಯಲ್ಲಿ ಎರಡು, ಮಿಕ್ಸಿಯದು ಒಂದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಈ ನಾಲ್ಕೂ ಬರೀ ತೂತುಗಳು. ಅದಕ್ಕೇ ರಾಯರು ಎಕ್ಸ್‌ಟೆನ್ಷನ್ ಬೋರ್ಡು, ಪವರ್ ಬ್ಯಾಂಕು, ಕಾರಿನಿಂದ ಚಾರ್ಜು ಮಾಡುವ ಇನ್ವರ್ಟರು ಎಲ್ಲ ತಂದಿರುತ್ತಾರೆ. ಕರೆಂಟು ಇರುವಷ್ಟು ಹೊತ್ತು ನಮ್ಮ ಮಿಕ್ಸಿಗೆ ರಜೆ, ಚಟ್ನಿ ಒರಳಿನಲ್ಲಿ. ಚಟ್ನಿ ಬಹಳ ಚೆನ್ನಾಗಿದೆ ಎಂದು ರಾಯರು ಹೊಗಳುತ್ತಾರೆ.

ಸಾಮಾನಿನ ಯಾದಿ ಒಂದಿರುತ್ತದೆ, ಲ್ಯಾಮಿನೇಟ್ ಮಾಡಿಸಿದ್ದು. ಕ್ಯಾಮೆರಾ ಎರಡು, ಒಂದು ಕೈಕೊಟ್ಟರೆ ಇನ್ನೊಂದು. 600 ಎಂ.ಎಂ. ಲೆನ್ಸು, ಅದೊಂದೇ ಮೂರು ಕಿಲೋ. ಕಪ್ಪೆ, ಹುಳ, ಅಣಬೆಗೆ ಮ್ಯಾಕ್ರೊ. ತೊರೆಗೆ, ಗುಡ್ಡಕ್ಕೆ ಅಗಲದ್ದು. ಟ್ರೈಪಾಡು, ಅದರ ತಲೆ, ಆ ತಲೆ ಒದ್ದೆಯಾದರೆ ಒರೆಸಲು ಬಟ್ಟೆ, ಆ ಬಟ್ಟೆ ಒದ್ದೆಯಾದರೆ ಬೇರೆ ಬಟ್ಟೆ. ಇಂಬಳ ಹತ್ತದಿರಲು ಕಾಲುಚೀಲ ಎರಡು ಜೊತೆ. ಪರದೇಶದಿಂದ ತರಿಸಿದ ದುಬಾರಿ ಮಳೆಕವಚ ಒಂದು. ಕೊನೆಯಲ್ಲಿ, ನಾಚಿಕೆಯಿಂದಲೋ ಏನೋ ಸಣ್ಣ ಅಕ್ಷರದಲ್ಲಿ, ‘ಶವರ್ ಕ್ಯಾಪ್ - 6’. ಹೋಟೆಲುಗಳ ಬಚ್ಚಲಲ್ಲಿ ಪುಕ್ಕಟೆ ಸಿಗುವ, ತಲೆಗೆ ಹಾಕುವ ಪ್ಲಾಸ್ಟಿಕ್ ಟೊಪ್ಪಿಗೆ. ಹತ್ತು ಲಕ್ಷ ಮೀರಿದ ಲೆನ್ಸನ್ನು ಕೆರೆಕಟ್ಟೆಯ ಮಳೆಯಿಂದ ನಿಜವಾಗಿ ಕಾಪಾಡುವುದು ಅದೇ.

ರಾಯರು ದೇಶ ಸುತ್ತಿದವರು. ಲಡಾಖಿನ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಒಳ ಅಂಗಿಯಲ್ಲಿಟ್ಟು ಮೈಬಿಸಿಯಲ್ಲಿ ಕಾಪಾಡಬೇಕು ಎಂದು ವಿವರಿಸುತ್ತಾರೆ. ಕಛ್‌ನ ರಣದಲ್ಲಿ ದೂಳು. ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ. ಲಿಥಿಯಂ ಬ್ಯಾಟರಿ ಕೆಳಗಿನ ಸಾಮಾನಿಗೆ ಹಾಕುವಂತಿಲ್ಲ, ಲೆನ್ಸು ಹಾಕಲು ಮನಸ್ಸು ಬರುವುದಿಲ್ಲ. ಆಗ ಹದಿನೆಂಟು ಜೇಬಿಗೂ ಒಂದೊಂದು ಸಾಮಾನು ತುರುಕಿ, ಚೀಲ ತೂಕಕ್ಕೆ ಸರಿಹೋಗಿ, ತಾವು ಮಾತ್ರ ಎರಡು ಪಾಲು ದಪ್ಪಗಾಗಿ ವಿಮಾನ ಹತ್ತಿದ್ದನ್ನು ಅಭಿಮಾನದಿಂದ ಹೇಳುತ್ತಾರೆ. ಇಷ್ಟೆಲ್ಲ ಗೆದ್ದು ಬಂದವರು ಹೆದರುವುದು ಒಂದಕ್ಕೇ. ನಮ್ಮೂರಿನ ತೇವಕ್ಕೆ.

ಹೆದರಿಕೆಗೆ ಕಾರಣವಿಲ್ಲದಿಲ್ಲ. ಗಾಳಿಯಲ್ಲಿ ತೇವ ಶೇ 60-65 ಮೀರಿ ಬಹುಕಾಲ ನಿಂತರೆ ಲೆನ್ಸಿನ ಒಳಗಾಜಿಗೆ ಬೂಷ್ಟು ಹಿಡಿಯುತ್ತದೆ. ಮೊದಲು ಸಣ್ಣ ಎಳೆ, ಆಮೇಲೆ ಕವಲು. ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬಿಚ್ಚಿಸಿ ಒರೆಸಿದರೂ ಕಲೆ ಉಳಿದೀತು. ಬೆಂಗಳೂರಿನಲ್ಲಿ ರಾಯರ ಲೆನ್ಸುಗಳು ಶೇ 45ರ ತೇವ ಕಾಯ್ದುಕೊಳ್ಳುವ ವಿದ್ಯುತ್ ಕಪಾಟಿನಲ್ಲಿ ಮಲಗುತ್ತವೆ. ಇಲ್ಲಿ ಹೊರಗಿನ ತೇವ ಶೇ 96. ಅಂಗೈಯಗಲದ ತೇವಮಾಪಕವೊಂದನ್ನು ಅವರು ಕೋಣೆಯ ಮೇಜಿನ ಮೇಲಿಟ್ಟು, ಅದರ ಮುಳ್ಳು ಏರುವುದನ್ನೇ ನೋಡುತ್ತ ಕೂರುತ್ತಾರೆ. ರಾತ್ರಿ ಎರಡು ಸಲ ಎದ್ದು ಟಾರ್ಚು ಬಿಟ್ಟು ನೋಡುತ್ತಾರೆ. ಬೆಳಿಗ್ಗೆ “ನಿದ್ದೆ ಬಂತಾ?” ಎಂದು ಕೇಳಿದರೆ “ತೊಂಬತ್ತೊಂದು” ಎಂದು ಉತ್ತರ.

ಈ ಮನುಷ್ಯನಿಗೆ ಏನಾಗಿದೆಯೆಂದು ನಮ್ಮ ಮನೆಯಲ್ಲಿ ಮೊದಲು ಅರ್ಥ ಮಾಡಿಕೊಂಡವಳು ಅಮ್ಮ. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಗಮನಿಸಿದ್ದಳು. ಕಾರಿನ ಎಸಿಯಿಂದ ಇಳಿದ ಲೆನ್ಸನ್ನು ತಕ್ಷಣ ಹೊರಗಾಳಿಗೆ ತೆಗೆದರೆ ಗಾಜಿನ ಮೇಲೆ ಮಂಜು ಕೂರುತ್ತದೆಂದು ಒಂದು ಗಂಟೆ ಬ್ಯಾಗಿನ ಬಾಯಿಯನ್ನೇ ತೆರೆಯದೆ ಇಟ್ಟರು. ತೆರೆದ ಮೇಲೆ ಬಟ್ಟೆ ಸುತ್ತಿದರು. ಕಿಟಕಿ ಹಾಕಿಸಿದರು. ಮುಟ್ಟಲು ಹೋದ ಮಕ್ಕಳಿಗೆ ಕೈ ತೊಳೆದು ಬರಲು ಹೇಳಿದರು, ತೊಳೆದು ಬಂದವರಿಗೆ ಒದ್ದೆ ಕೈ ಎಂದು ಮತ್ತೆ ಬೈದರು. ಬಾಗಿಲು ತೆರೆದಿಡಬೇಡಿ, ಥಂಡಿ ಒಳಗೆ ಬರುತ್ತದೆ ಎಂದು ನಾಲ್ಕು ಸಲ ಹೇಳಿದರು. ಅಮ್ಮ ಅಡುಗೆಮನೆಗೆ ಬಂದು ಹೇಳಿದ್ದು ಇಷ್ಟೇ:

“ಪಾಪ, ಬಾಣಂತನಕ್ಕೆ ಕರ್ಕೊಂಡು ಬಂದಿದಾರೆ.”

ಆಮೇಲೆ ಅವಳು ಅದನ್ನು ಹಾಗೇ ನಡೆಸಿದಳು. ರಾಯರು ಒಂದು ಪೊಟ್ಟಣ ಹಿಡಿದು ಅಡುಗೆಮನೆಗೆ ಬಂದು ಬಾಣಲೆ ಕೇಳಿದಾಗ ಅವಳು ಆಶ್ಚರ್ಯಪಡಲಿಲ್ಲ.

“ಎಂತದು ಮಾರಾಯ್ರೆ, ಸಬ್ಬಕ್ಕಿಯಾ?”

“ಅಲ್ಲಮ್ಮ, ಸಿಲಿಕಾ ಜೆಲ್. ತೇವ ಕುಡಿಯುತ್ತೆ. ಕಿತ್ತಳೆ ಬಣ್ಣದ್ದು ಕುಡಿದೂ ಕುಡಿದೂ ಹಸಿರಾಗಿದೆ. ಸಣ್ಣ ಉರಿಯಲ್ಲಿ ಹುರಿದ್ರೆ ಮತ್ತೆ ಕಿತ್ತಳೆ ಆಗುತ್ತೆ.”

“ಎಷ್ಟು ಹುರಿಬೇಕು?”

“ನೂರಿಪ್ಪತ್ತು ಡಿಗ್ರಿ, ಒಂದೆರಡು ಗಂಟೆ.”

“ನನ್ನ ಒಲೆಗೆ ಡಿಗ್ರಿ ಗೊತ್ತಿಲ್ಲ. ಕೆಂಡದ ಮೇಲೆ ಇಡ್ತೀನಿ. ಹಳೇ ಬಾಣಲೆ ಕೊಡ್ತೀನಿ, ಅದನ್ನ ಮತ್ತೆ ಒಳಗೆ ತರೋ ಹಾಗಿಲ್ಲ.”

ಹಬ್ಬದ ಹಿಂದಿನ ದಿನ ಎಳ್ಳು ಹುರಿಯುವ ಒಲೆಯ ಮುಂದೆ, ಹದಿನೆಂಟು ಜೇಬಿನ ಅಂಗಿ ತೊಟ್ಟು, ಸವುಟು ಹಿಡಿದು, ಗಾಜಿನ ಕಾಳು ಕೈಯಾಡಿಸುತ್ತ ಕೂತ ಬ್ಯಾಂಕ್ ಮ್ಯಾನೇಜರನ್ನು ನೋಡಲು ಪಕ್ಕದ ಮನೆಯವರೂ ಬಂದಿದ್ದರು.

ಅಮ್ಮ ಮುಂದುವರಿದು ಲೆನ್ಸನ್ನು ಹೊಗೆ ಅಟ್ಟದ ಮೇಲಿಡುವಂತೆ ಸಲಹೆ ಕೊಟ್ಟಳು. ಬಿತ್ತನೆ ಬೀಜ, ವಾಟೆಹುಳಿ ಎಲ್ಲ ಮಳೆಗಾಲ ಕಳೆಯುವುದು ಅಲ್ಲೇ. ಬೂಷ್ಟು ಹಿಡಿದ ಉದಾಹರಣೆ ಇಲ್ಲ. ಮಸಿಯ ಹೆಸರು ಕೇಳಿಯೇ ರಾಯರ ಮುಖ ಕಪ್ಪಾಯಿತು. ಕೊನೆಗೆ ಬಚ್ಚಲ ಹಂಡೆ ಒಲೆಯ ಬೆನ್ನಿಗೆ ಹತ್ತಿಕೊಂಡಿರುವ ಸಣ್ಣ ಕೋಣೆ ತೆರೆಸಿದಳು. ಒಲೆಯ ಕಾವಿಗೆ ಆ ಗೋಡೆ ದಿನವಿಡೀ ಬೆಚ್ಚಗಿರುತ್ತದೆ, ಕಿಟಕಿ ಒಂದೇ, ಗಾಳಿ ನುಗ್ಗುವುದಿಲ್ಲ. ನನ್ನ ಇಬ್ಬರು ಅಕ್ಕಂದಿರ ಬಾಣಂತನ ಆದದ್ದು ಅದೇ ಕೋಣೆಯಲ್ಲಿ. ಇಳಿಸಂಜೆಯ ಹೊತ್ತಿಗೆ ತೇವಮಾಪಕದ ಮುಳ್ಳು 58ಕ್ಕೆ ಇಳಿದಿತ್ತು. ರಾಯರು ಅಮ್ಮನ ಕಾಲು ಹಿಡಿಯುವುದೊಂದು ಬಾಕಿ. “ಅಮ್ಮ, ಇದು ಜಪಾನಿನವರಿಗೂ ಗೊತ್ತಿಲ್ಲ” ಎಂದರು. ಅಂದು ಅವರು ಟಾರ್ಚು ಹಿಡಿದು ಏಳಲಿಲ್ಲ. ನಾವು ಎದ್ದೆವು; ಗೊರಕೆಗೆ.

ಕಾಡಿನ ಕೆಲಸ ಬೆಳಗಿನ ಜಾವಕ್ಕೆ ಶುರು. ಮಲಬಾರ್ ವಿಸ್ಲಿಂಗ್ ಥ್ರಶ್ ತೋಟದ ಕೆಳಗಿನ ತೊರೆಯಲ್ಲಿ, ಕೆಲಸವಿಲ್ಲದ ಹುಡುಗರು ಸಿಳ್ಳೆ ಹಾಕುವ ಧಾಟಿಯಲ್ಲಿ ಹಾಡಲು ತೊಡಗುತ್ತದೆ. ಹಾಡಿನ ಮೊದಲ ಪಲುಕಿಗೆ ರಾಯರು ಎದ್ದಿರುತ್ತಾರೆ. ಎರಡನೆಯದಕ್ಕೆ ಕಾಲುಚೀಲ. ಆಮೇಲೆ ಕ್ಯಾಮೆರಾಕ್ಕೆ ಲೆನ್ಸು, ಲೆನ್ಸಿಗೆ ಅಂಗಿ, ಅಂಗಿಯ ಮೇಲೆ ಮಳೆಕವಚ, ಕವಚದ ತುದಿಗೆ ಶವರ್ ಕ್ಯಾಪು, ಇಡೀ ಮೂರ್ತಿಯನ್ನು ಟ್ರೈಪಾಡಿನ ಮೇಲೆ ಪ್ರತಿಷ್ಠಾಪಿಸಿ ತಿರುಪು ಬಿಗಿಯುವುದು. ಅಷ್ಟರಲ್ಲಿ ಹಕ್ಕಿಯ ಕಛೇರಿ ಮಂಗಳ ಹಾಡಿ ಮುಗಿದಿರುತ್ತದೆ.

ಸಾಮಾನು ಹೊರಲು ಜೊತೆಗೆ ಬರುವ ಊರ ಹುಡುಗನಿಗೆ ಕಾಡೆಲ್ಲ ಕಾಣುತ್ತದೆ, ರಾಯರಿಗೆ ತಿರುಪು ಕಾಣುತ್ತದೆ. “ಸಾರ್, ಮಂಗಟ್ಟೆ.” “ತಡಿ, ಹನಿ ಕೂತಿದೆ.” “ಸಾರ್, ಕೆಂಜಳಿಲು.” “ತಡಿ, ಕಾರ್ಡು ತುಂಬಿದೆ.” ಒಮ್ಮೆ ಸಿಂಗಳೀಕಗಳ ಗುಂಪು ತಾನಾಗಿ ತೋಟದಂಚಿನ ಹಲಸಿನ ಮರಕ್ಕೆ ಇಳಿಯಿತು. ಪಶ್ಚಿಮ ಘಟ್ಟದಲ್ಲಲ್ಲದೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ. ನೆಲದ ಹತ್ತಿರ ಬರುವುದೇ ಅಪರೂಪ. ಅದು ಬಂತು, ಬಹಳ ಹತ್ತಿರ ಬಂತು. ಬಂದದ್ದೇ ತಪ್ಪಾಯಿತು. 600 ಎಂ.ಎಂ. ಲೆನ್ಸು ದೂರದವರಿಗಾಗಿ ಮಾಡಿದ್ದು. ಸಣ್ಣ ಲೆನ್ಸು ಬಾಣಂತಿ ಕೋಣೆಯಲ್ಲಿತ್ತು. ಇದ್ದರೂ ಆ ಮಳೆಯಲ್ಲಿ ಕ್ಯಾಮೆರಾದ ಬಾಯಿ ತೆರೆದು ಲೆನ್ಸು ಬದಲಿಸಲು ರಾಯರು ಒಪ್ಪುತ್ತಿರಲಿಲ್ಲ. ಆ ದಿನದ ಚಿತ್ರಗಳಲ್ಲಿ ಒಂದರಲ್ಲಿ ಮೂಗು, ಒಂದರಲ್ಲಿ ಕೇಸರದ ಎಡಭಾಗ, ಇನ್ನೊಂದರಲ್ಲಿ ಬಾಲದ ಕುಚ್ಚು. ಜೋಡಿಸಿಕೊಂಡರೆ ಒಂದು ಸಿಂಗಳೀಕ ಆದೀತು.

ಶೃಂಗೇರಿಯ ತುಂಗಾ ತೀರದಲ್ಲಿ ಕಪ್ಪೆ ಶಂಕರನ ಶಿಲ್ಪವಿದೆ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪವೊಂದು ಹೆಡೆಬಿಚ್ಚಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಅಲ್ಲಿ ಪೀಠ ಸ್ಥಾಪಿಸಲು ನಿಶ್ಚಯಿಸಿದರೆಂಬುದು ಐತಿಹ್ಯ. ರಾಯರು ಅದರ ಮುಂದೆ ನಿಂತು ಸುಮಾರು ಹೊತ್ತು ಲೊಚಗುಟ್ಟಿದರು. ಎಂಥ ಬೆಳಕಿದ್ದಿರಬೇಕು, ಎಂಥ ಹಿನ್ನೆಲೆ! ಆಚಾರ್ಯರ ಕೈ ಖಾಲಿಯಿದ್ದದ್ದು ನಮ್ಮ ಪುಣ್ಯ. ಅಲ್ಲಿ ರಾಯರಿದ್ದಿದ್ದರೆ, ಮ್ಯಾಕ್ರೊ ಹಾಕಲೋ ಅಗಲದ್ದು ಹಾಕಲೋ ಎಂದು ತೀರ್ಮಾನವಾಗುವಷ್ಟರಲ್ಲಿ ಸರ್ಪವೂ ಇಲ್ಲ, ಕಪ್ಪೆಯೂ ಇಲ್ಲ, ಮಠವೂ ಇಲ್ಲ.

ದೇವರ ವಿಷಯದಲ್ಲಿ ರಾಯರು ವಿಚಾರವಾದಿ. ಆದರೂ ಕಿಗ್ಗಾಕ್ಕೆ ಹೋಗಿ ಬರುತ್ತಾರೆ. ಅಲ್ಲಿಯ ಋಷ್ಯಶೃಂಗೇಶ್ವರ ಮಳೆದೇವರು. ಮಳೆ ಬಾರದಿದ್ದರೆ ಬರಲೆಂದೂ, ಅತಿಯಾದರೆ ನಿಲ್ಲಲೆಂದೂ ಜನ ಅವನ ಬಳಿಗೇ ಹೋಗುತ್ತಾರೆ. ರಾಯರ ಬೇಡಿಕೆ ಎರಡಕ್ಕೂ ಸೇರುವುದಿಲ್ಲ. ಹನಿ ಕಾಣುವಷ್ಟು ಬೇಕು, ಲೆನ್ಸು ನೆನೆಯುವಷ್ಟು ಬೇಡ. ಹಕ್ಕಿಯ ಹಿಂದೆ ಸುರಿಯಬೇಕು, ಮುಂದೆ ಬಿಡುವು ಕೊಡಬೇಕು. ಐಎಸ್‌ಒ 800ಕ್ಕೆ ಸಾಲುವಷ್ಟು ಬಿಸಿಲೂ ಇರಬೇಕು. ಕಿಗ್ಗಾದ ದೇವರು ಶತಮಾನಗಳಿಂದ ರೈತರ ಅರ್ಜಿ ನೋಡುತ್ತ ಬಂದವನು. ಇದನ್ನು ಯಾವ ಕಡತಕ್ಕೆ ಹಾಕಬೇಕೋ ತಿಳಿಯದೆ ಸುಮ್ಮನಿದ್ದಾನೆ.

ಸಂಜೆ ಕಾಫಿ ಹೊತ್ತಿಗೆ ರಾಯರು ಹಿರಿಯರನ್ನು ನೆನೆಯುತ್ತಾರೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ನಮ್ಮ ಜಿಲ್ಲೆಯದೇ ಮೂಡಿಗೆರೆಯ ಮಳೆಯಲ್ಲಿ ಕೂತು ಹಕ್ಕಿಗಳ ಬೆನ್ನು ಬಿದ್ದಿದ್ದ ತೇಜಸ್ವಿ. ಅವರ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಮೂವತ್ತಾರು ಮುಗಿದರೆ ಮುಗಿಯಿತು. ತೊಳೆಸಿ ನೋಡುವವರೆಗೆ ಏನು ಬಂದಿದೆಯೆಂದು ಗೊತ್ತಿಲ್ಲ. ಹಾಗಾಗಿ ಒತ್ತುವ ಮೊದಲು ನೋಡುತ್ತಿದ್ದರು. ರಾಯರ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ಹೊಡೆಯುತ್ತದೆ. ಪೆರುಮಾಳರ ಇಡೀ ರೋಲು ಇವರಿಗೆ ಎರಡು ಸೆಕೆಂಡಿಗೂ ಬರುವುದಿಲ್ಲ. ಇವರು ಒತ್ತಿದ ಮೇಲೆ ನೋಡುತ್ತಾರೆ. ರಾತ್ರಿ ಹನ್ನೊಂದರವರೆಗೆ, ಲ್ಯಾಪ್‌ಟಾಪಿನಲ್ಲಿ, ಒಂದೇ ಮಂಗಟ್ಟೆಯ ಒಂದೇ ಭಂಗಿಯ ನಾನೂರು ಚಿತ್ರಗಳಲ್ಲಿ ಯಾವುದನ್ನು ಅಳಿಸಲಿ ಎಂದು. ಯಾವುದನ್ನೂ ಅಳಿಸುವುದಿಲ್ಲ. ಎಲ್ಲವನ್ನೂ ಎರಡು ಹಾರ್ಡ್‌ಡಿಸ್ಕಿಗೆ ಇಳಿಸುತ್ತಾರೆ. ಒಂದು ಬ್ಯಾಗಿಗೆ, ಇನ್ನೊಂದು ದಿಂಬಿನಡಿಗೆ.

ಇಬ್ಬರು ಲೆನ್ಸ್ ರಾಯರು ಎದುರಾದರೆ ನೋಡಬೇಕು. ಶೃಂಗೇರಿಯ ಹೋಟೆಲೊಂದರಲ್ಲಿ ಒಮ್ಮೆ ಆ ಯೋಗ ಕೂಡಿಬಂತು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಏನು ಕಂಡಿರಿ ಎಂದೂ ಕೇಳಲಿಲ್ಲ. ಒಬ್ಬರ ಕಣ್ಣು ಇನ್ನೊಬ್ಬರ ಚೀಲದ ಪಟ್ಟಿಯ ಮೇಲೆ. “ಇದು ಹಳೇದಲ್ವಾ?” “ಹೌದು, ಹೊಸದು ಮುನ್ನೂರು ಗ್ರಾಂ ಕಡಿಮೆಯಂತೆ.” “ಮುನ್ನೂರಾ!” ಆ ನಿಟ್ಟುಸಿರಿಗೆ ಎದುರಿನ ದೋಸೆ ತಣ್ಣಗಾಯಿತು. ಅರ್ಧ ಗಂಟೆಯಲ್ಲಿ ಇಬ್ಬರೂ ಜನ್ಮಾಂತರದ ಗೆಳೆಯರು. ಮಾತಿನಲ್ಲಿ ಒಂದೇ ಒಂದು ಹಕ್ಕಿ ಹಾರಲಿಲ್ಲ.

ಇಷ್ಟು ನಕ್ಕ ಮೇಲೆ ಒಂದು ಮಾತು ಹೇಳದಿದ್ದರೆ ನ್ಯಾಯವಲ್ಲ. ವಾರಾಂತ್ಯಕ್ಕೆ ಘಟ್ಟ ಹತ್ತುವ ಬಹಳ ಮಂದಿ ಬರುವಾಗ ಖಾಲಿ ಕೈ. ಹೋಗುವಾಗ ಬಾಟಲಿ, ತಟ್ಟೆ, ಚಿಪ್ಸಿನ ಪೊಟ್ಟಣ ತೊರೆಗೆ ಒಪ್ಪಿಸಿ ಮತ್ತೆ ಖಾಲಿ ಕೈ. ರಾಯರ ಯಾದಿಯಲ್ಲಿ ನಲವತ್ತೊಂದು ಸಾಮಾನಿದ್ದರೆ ಕಾಡಿಗಿಳಿಯುವಾಗ ನಲವತ್ತೊಂದು, ಹತ್ತುವಾಗಲೂ ನಲವತ್ತೊಂದು. ಲೆಕ್ಕ ತಪ್ಪಿದರೆ ಅವರು ಜಾಗ ಬಿಟ್ಟು ಕದಲುವುದಿಲ್ಲ. ಒಂದು ದಿನ ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳ ಕಾಣಲಿಲ್ಲ. ಹೆಬ್ಬೆರಳಿನಷ್ಟು ವಸ್ತು, ಪೇಟೆಯಲ್ಲಿ ಯಾರೂ ಲೆಕ್ಕಕ್ಕಿಡದ್ದು. ರಾಯರು ಇಂಬಳದ ದರಕಿನಲ್ಲಿ ಮೊಣಕಾಲೂರಿ, ಕೊಳೆತ ಎಲೆ ಒಂದೊಂದಾಗಿ ಸರಿಸುತ್ತ ಹುಡುಕಿದರು. ಸಿಕ್ಕಿತು. ಅದರ ಜೊತೆಗೆ ಬೇರೆ ಯಾರದೋ ಬಿಯರ್ ಬಿರಡೆ ಮೂರು, ಗುಟ್ಕಾ ಚೀಟಿ ಒಂದಿಷ್ಟು, ತುಕ್ಕು ಹಿಡಿದ ಬ್ಯಾಟರಿ ಒಂದು. ಇವು ತಮ್ಮ ಯಾದಿಯವಲ್ಲ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಆದರೂ ಬಿಡಲು ಮನಸ್ಸಾಗದೆ, ಹದಿನೆಂಟರಲ್ಲಿ ಖಾಲಿಯಿದ್ದ ಒಂದು ಜೇಬಿಗೆ ಹಾಕಿಕೊಂಡು ಬಂದರು. ರಾಷ್ಟ್ರೀಯ ಉದ್ಯಾನಕ್ಕೆ ಇನ್ನೂ ನಾಲ್ಕು ಮಂದಿ ಇಂಥ ಜಿಪುಣರು ಬಂದರೆ ಇಲಾಖೆಯವರ ಗುಡಿಸುವ ಕೆಲಸ ಅರ್ಧ ಇಳಿದೀತು.

ಹೊರಡುವ ದಿನ ಅಕ್ಕಿ ಚೀಲದ ವ್ಯವಹಾರ ಚುಕ್ತಾ ಆಗಬೇಕು. ಕಿಟಕಿಯ ಮೇಲಿಡುವ ಆ ಬಟ್ಟೆ ಚೀಲಕ್ಕೆ ತುಂಬಲು ಅಮ್ಮನಿಂದ ಸಾಲ ಪಡೆದ ಐದು ಸೇರು ಅಕ್ಕಿಯನ್ನು ರಾಯರು ಅಳೆದು ವಾಪಸು ಕೊಟ್ಟರು. ಅಮ್ಮ ಅದನ್ನು ಡಬ್ಬಕ್ಕೆ ಸುರಿಯದೆ ಕೋಳಿಗಳ ಪಾಲಿಗಿಟ್ಟಳು. ಯಾದಿ ಹಿಡಿದು ಎಲ್ಲ ಎಣಿಸಿ, ಬ್ಯಾಗಿಗೆ ಬೆಲ್ಟು ಬಿಗಿದು, ರಾಯರು ಕೈ ಮುಗಿದರು.

“ಬಹಳ ತೊಂದರೆ ಕೊಟ್ಟೆ ಅಮ್ಮ. ಮುಂದಿನ ಸಲ ಇಷ್ಟು ಹೊತ್ಕೊಂಡು ಬರಲ್ಲ. ಭಾರ ಕಡಿಮೆ ಮಾಡ್ತಿದೀನಿ.”

“ಹೌದಾ? ಹ್ಯಾಗೆ?”

“ಹಗುರದ್ದು ಹೊಸ ಲೆನ್ಸ್ ತಗೊಳ್ತಿದೀನಿ. ಅದಕ್ಕೆ ಹಗುರದ ಟ್ರೈಪಾಡು. ಅವೆರಡಕ್ಕೂ ಬೇರೆ ಬ್ಯಾಗು.”

“ಮತ್ತೆ ಈ ಹಳೇದು?”

ರಾಯರು ಬೆಲ್ಟು ಬಿಗಿದುಕೊಂಡು ಕೂತಿದ್ದ ಬ್ಯಾಗನ್ನೊಮ್ಮೆ ನೋಡಿದರು. “ಅದನ್ನ ಹೆಂಗೆ ಬಿಡೋದು? ಅದೂ ಬರುತ್ತೆ.”

ಅಮ್ಮ ಕ್ಷಣ ಯೋಚಿಸಿದಳು.

“ಧಾರಾಳವಾಗಿ ಬನ್ನಿ. ಆದ್ರೆ ಒಂದು ನೆನಪಿರಲಿ. ತವರುಮನೆಯವರು ಮಾಡೋದು ಮೊದಲನೇ ಬಾಣಂತನ. ಎರಡನೇದು ಗಂಡನ ಮನೇದು.”